ಮೂರನೇ ಕೊಳದ ತೂಬಿಗೆ ಕಟ್ಟಿದ ಕೆಂಪು ಬಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಾಚೆಯ ತಗ್ಗಿನಲ್ಲಿ ನಾಲ್ಕು ದೊಡ್ಡ ಕೊಳಗಳು ಒಂದರ ಪಕ್ಕ ಒಂದು ಮಲಗಿವೆ. ಮೂರನೆಯದರ ಏರಿಯ ಮೇಲೆ, ಮೊಣಕಾಲುದ್ದದ ಗಂಬೂಟು ಹಾಕಿಕೊಂಡ ಹೆಂಗಸೊಬ್ಬರು ಕಬ್ಬಿಣದ ಚಕ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾರೆ. ಚಕ್ರ ಹೊಸದು. ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿದೆ, ಬರೀ ಬೆರಳು ತಾಗಿಸಿದರೂ ತಿರುಗುವಷ್ಟು ಹಗುರ. ಆದರೂ ಅವರಿಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಒಂದಿಷ್ಟು ತಿರುಗಿಸುತ್ತಾರೆ, ನಿಲ್ಲುತ್ತಾರೆ, ಬಗ್ಗಿ ನೀರು ನೋಡುತ್ತಾರೆ, ಮತ್ತೆ ಒಂದಿಷ್ಟು ತಿರುಗಿಸುತ್ತಾರೆ.

ಚಕ್ರದ ನಡುವೆ ನೆಟ್ಟಗೆ ನಿಂತಿರುವ ತಿರುಪಿನ ಕಂಬಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದೆ. ಚಕ್ರ ತಿರುಗಿದ ಹಾಗೆ ಕಂಬಿ ಕೆಳಗಿಳಿಯುತ್ತದೆ, ಅದರ ಜೊತೆಗೆ ನೀರಿನೊಳಗೆ ತೂಬಿನ ಬಾಗಿಲೂ ಇಳಿಯುತ್ತದೆ. ಬಟ್ಟೆ ಬಂದು ಚಕ್ರಕ್ಕೆ ತಾಕಿತೋ, ಕೈ ನಿಲ್ಲುತ್ತದೆ. "ಬಂತಪ್ಪಾ, ಸಾಕು," ಎಂದು ತಮಗೆ ತಾವೇ ಹೇಳಿಕೊಂಡು ಅವರು ಹಿಂದೆ ಸರಿಯುತ್ತಾರೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ಅಡಿಯಲ್ಲಿ ಮೂರು ಬೆರಳಿನಷ್ಟು ಸಂದಿ ಉಳಿದಿದೆ. ಆ ಸಂದಿಯಿಂದ ನೀರು ಗುಳುಗುಳು ಎನ್ನುತ್ತಾ ನಾಲ್ಕನೇ ಕೊಳಕ್ಕೆ ಹರಿಯುತ್ತಲೇ ಇದೆ.

ಇವರು ತೂಬಿನಕ್ಕ. ಇನ್ನೊಂದು ಹೆಸರು ಇದ್ದೇ ಇದೆ, ಆದರೆ ಅದನ್ನು ಕರೆದರೆ ಅವರೇ ಒಮ್ಮೆ ಹಿಂತಿರುಗಿ ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಾರೆ. ಊರಿನವರು ಮೈ ತೊಳೆದದ್ದು, ಪಾತ್ರೆ ತೊಳೆದದ್ದು, ಹೇಳಬಾರದ ಇನ್ನೂ ಏನೇನೋ ತೊಳೆದದ್ದು, ಎಲ್ಲ ನೀರೂ ಕೊನೆಗೆ ಬಂದು ಸೇರುವ ಜಾಗ ಇದು. ಮೊದಲ ಕೊಳದಲ್ಲಿ ಕಪ್ಪಗೆ ಬಂದ ನೀರು ನಾಲ್ಕನೆಯದರಿಂದ ಹೊರಗೆ ಹೋಗುವಾಗ ತಕ್ಕಮಟ್ಟಿಗೆ ಮುಖ ತೊಳೆದುಕೊಂಡಿರುತ್ತದೆ. ಇಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲುವವರು ಎರಡೇ ಬಗೆ. ಒಂದು ತೂಬಿನಕ್ಕ, ಇನ್ನೊಂದು ಹಕ್ಕಿಗಳು.

ಬೆಳಕು ಏರಿದಂತೆ ಹಕ್ಕಿಗಳು ಕಾಣಿಸುತ್ತವೆ. ಮೂರನೇ ಕೊಳದಲ್ಲಿ ನೀರಿಗಿಂತ ಕೆಸರೇ ಜಾಸ್ತಿ. ಆ ಕೆಸರಿನ ತುಂಬ ಕಪ್ಪು ಬಿಳುಪು ಮೈಯ, ತೆಳ್ಳನೆಯ ಕೆಂಪು ಕಾಲಿನ ಹಕ್ಕಿಗಳು ಓಡಾಡುತ್ತಿವೆ. ಅಷ್ಟು ಉದ್ದದ ಕಾಲನ್ನು ಎಲ್ಲಿ ಮಡಚಿಡಬೇಕೋ ತಿಳಿಯದೆ ಪರದಾಡುವಂತೆ ಅವು ಕೂರುತ್ತವೆ, ಏಳುತ್ತವೆ. ಪುಸ್ತಕದಲ್ಲಿ ಅವಕ್ಕೆ ಬೇರೆ ಹೆಸರಿದೆ. ತೂಬಿನಕ್ಕನಿಗೆ ಅವು "ಕಡ್ಡಿಕಾಲಿನವರು". ಈ ಕಡ್ಡಿಕಾಲಿನವರ ದೆಸೆಯಿಂದ ಈ ಗಬ್ಬು ನಾರುವ ತಗ್ಗು ಈಗ ಸಂರಕ್ಷಿತ ಹಕ್ಕಿತಾಣ. ಸಮಾರಂಭ ನಡೆದು ಕೆಲವು ವಾರಗಳಾದವು. ಅಂದು ವೇದಿಕೆಯ ಮೇಲೆ ತೂಬಿನಕ್ಕನ ಕೈಗೆ ಒಂದು ಮರದ ಫಲಕ ಕೊಟ್ಟರು. 'ಹಕ್ಕಿಗಳ ರಕ್ಷಕಿ' ಎಂದು ಅದರಲ್ಲಿ ಕೆತ್ತಿದೆ.

"ಎಲ್ಲರೂ ಚಪ್ಪಾಳೆ ಹೊಡೆದ್ರು," ಎನ್ನುತ್ತಾರೆ ತೂಬಿನಕ್ಕ, ಗಂಬೂಟಿನ ಕೆಸರನ್ನು ಕಲ್ಲಿಗೆ ಒರೆಸುತ್ತಾ. "ನಾನೂ ಹೊಡೆದೆ, ಸುಮ್ನೆ ನಿಲ್ಲೋಕಾಗುತ್ತಾ? ಆದ್ರೆ ಯಾವುದಕ್ಕೆ ಹೊಡೆದ್ರು ಅಂತ ಇವತ್ತಿಗೂ ನನಗೆ ತಲೆಬುಡ ಗೊತ್ತಾಗಿಲ್ಲ ನೋಡಿ. ನಾನು ಮಾಡಿದ್ದಕ್ಕೋ, ಮಾಡದೇ ಇದ್ದಿದ್ದಕ್ಕೋ?"

ಈ ಪ್ರಶ್ನೆಯನ್ನು ಅವರು ಬಂದವರನ್ನೆಲ್ಲ ಕೇಳುತ್ತಾರೆ.

ತೂಬಿನಕ್ಕ ಈ ಕೆಲಸಕ್ಕೆ ಸೇರಿದ್ದು ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಈಗ ಆ ಮಗಳು ಬಸ್ ಕಂಡಕ್ಟರ್. ಮೊದಮೊದಲು ಕೆಲಸ ಎಂದರೆ ಜಾಲರಿ ಬಾಚುವುದು. ಊರಿನ ನೀರು ಒಳಗೆ ಬರುವ ಬಾಯಲ್ಲಿ ಕಬ್ಬಿಣದ ಜಾಲರಿ ಇದೆ. ಅದಕ್ಕೆ ಸಿಕ್ಕಿಹಾಕಿಕೊಂಡ ಕವರು, ಚಿಂದಿ, ಬಾಟಲಿ, ಒಂಟಿ ಚಪ್ಪಲಿ, ಗೊಂಬೆಯ ಕೈ ಎಲ್ಲವನ್ನೂ ಉದ್ದನೆಯ ಕುಂಟೆಯಲ್ಲಿ ಎಳೆದು ಹಾಕಬೇಕು. ಒಮ್ಮೆ ಹಲ್ಲಿನ ಸೆಟ್ಟೇ ಸಿಕ್ಕಿತ್ತಂತೆ. ದಿನಕ್ಕೆ ಎಷ್ಟು ಬುಟ್ಟಿ ಕಸ ಬರುತ್ತದೆ ಎಂದು ಕೇಳಿದರೆ ಅವರು ನಗುತ್ತಾರೆ. "ಎಣಿಸ್ತಾ ಕೂತ್ರೆ ಎತ್ತೋರ್ಯಾರು?"

ಮೊದಲ ತಿಂಗಳು ಮನೆಯಲ್ಲಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿದರೂ ಕೈಗೆ ಅದೇ ವಾಸನೆ. ಗಂಡ ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಜಿಪ್ಪು ಹಾಕುವುದು, ಪ್ಯಾಂಟು ಗಿಡ್ಡ ಮಾಡುವುದು ಅವರ ಕಸುಬು. ಗಿರಾಕಿಗಳು ಬಂದಾಗ ಹೆಂಡತಿ ಒಳಗೇ ಇರಲಿ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಬದಲಿಗೆ ತಮ್ಮದೇ ಹಳೆಯ ನೀಲಿ ಕೋಟನ್ನು ಅವರ ಅಳತೆಗೆ ಕತ್ತರಿಸಿ, ಒಳಗೆ ದಪ್ಪ ಅಸ್ತರು ಕೊಟ್ಟು ಹೊಲಿದುಕೊಟ್ಟರು. "ನಿನ್ನ ಮೈ ವಾಸನೆ ಬಂದ್ರೂ ಪರವಾಗಿಲ್ಲ, ಕೋಟಿನ ಹೊಲಿಗೆ ಬಿಟ್ರೆ ನನ್ನ ಮಾನ ಹೋಗುತ್ತೆ," ಎಂದರಂತೆ. ತೂಬಿನಕ್ಕ ಇದನ್ನು ಹೇಳುವಾಗ ಮುಖ ಅರಳುತ್ತದೆ.

ಆಮೇಲೆ ತೂಬುಗಳ ಜವಾಬ್ದಾರಿಯೂ ಬಂತು. ಬೆಳಗ್ಗೆ ತೂಬು ಮುಚ್ಚಬೇಕು, ನೀರು ಹಗಲೆಲ್ಲ ಬಿಸಿಲಿಗೆ ನಿಲ್ಲಬೇಕು, ಸಂಜೆ ಮತ್ತೆ ಬಿಡಬೇಕು. ಮಾಮೂಲಿ ಕೆಲಸ. ಆದರೆ ಮೂರನೇ ಕೊಳದ ತೂಬು ಮಾತ್ರ ಶುದ್ಧ ಮೊಂಡು. ತುಕ್ಕು ಹಿಡಿದು, ಕಂಬಿ ಡೊಂಕಾಗಿ, ಮುಚ್ಚುವಾಗ ಒಂದು ಕಡೆ ಬಂದು ಕಚ್ಚಿಕೊಂಡುಬಿಡುತ್ತಿತ್ತು. ಎಷ್ಟು ಜಗ್ಗಾಡಿದರೂ ಅಡಿಯಲ್ಲಿ ಮೂರು ಬೆರಳು ಸಂದಿ ಹಾಗೇ ಉಳಿಯುತ್ತಿತ್ತು. ನೀರು ನಿಲ್ಲದೆ ಸೋರಿ, ಕೊಳದ ಅರ್ಧಕ್ಕರ್ಧ ಕೆಸರು. ಇದು ಗುಟ್ಟೇನಲ್ಲ, ಇಡೀ ನೀರುಶುದ್ಧಿ ಪ್ಲಾಂಟಿಗೇ ಗೊತ್ತು. ರಜೆ ಕೇಳಿದರೆ ಕೊಡದ ಮೇಲಿನವರನ್ನು ಅಲ್ಲಿನ ಕೆಲಸದವರು "ಮೂರನೇ ತೂಬು" ಎಂದೇ ಕರೆಯುತ್ತಿದ್ದರು.

ಆ ಕೆಸರಿಗೆ ಕಡ್ಡಿಕಾಲಿನವರು ಯಾವಾಗ ಬಂದರು? ತೂಬಿನಕ್ಕನಿಗೆ ನೆನಪಿಲ್ಲ. ಮೊದಲು ಒಂದು ಜೋಡಿ, ಆಮೇಲೆ ಇನ್ನೊಂದು. ಬರುಬರುತ್ತಾ ಏರಿಯ ಮೇಲೆ ಕಾಲಿಟ್ಟರೆ ಸಾಕು, ಕಿಕ್ ಕಿಕ್ ಎಂದು ನೂರಾರು ಬಾಯಿ ಒಟ್ಟಿಗೆ ಬಯ್ಯುವಷ್ಟಾದವು. ನೆಲದ ಮೇಲೆ, ಕೆಸರು ದಿಬ್ಬದ ತುದಿಯಲ್ಲಿ, ನಾಲ್ಕು ಕಡ್ಡಿ ಇಟ್ಟು ಅದನ್ನೇ ಗೂಡು ಎನ್ನುತ್ತವೆ. ಅದರಲ್ಲಿ ಕೆಸರಿನದೇ ಬಣ್ಣದ ಮೊಟ್ಟೆ. "ನನ್ನನ್ನ ಕಂಡ್ರೆ ಅವಕ್ಕೆ ಆಗಲ್ಲ," ಎನ್ನುತ್ತಾರೆ ಅಕ್ಕ. "ನಾನು ನಾಯಿ ಓಡಿಸೋಕೆ ಹೋದ್ರೆ ನನ್ನ ತಲೆ ಮೇಲೇನೇ ಹಾರಾಡ್ತವೆ. ಅಯ್ಯೋ ನಿಮ್ಮ ಪರವಾಗೇ ಬಂದಿದ್ದೀನಮ್ಮಾ ಅಂದ್ರೆ ಕೇಳ್ತವಾ!"

ಅವುಗಳನ್ನು ಊರಿಗೆ ತೋರಿಸಿದವರು ಕಣ್ಣಿನ ಡಾಕ್ಟರಮ್ಮ. ತೂಬಿನಕ್ಕನ ಅತ್ತೆಯ ಕಣ್ಣಿನ ಪೊರೆ ತೆಗೆದವರೂ ಅವರೇ. ರಜೆಯ ದಿನ ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಏರಿಯ ಮೇಲೆ ಮಟ್ಟಸವಾಗಿ ಕೂತುಬಿಡುತ್ತಿದ್ದರು. ಈ ತಗ್ಗನ್ನು ಮುಚ್ಚಿ ಅಲ್ಲಿ ಗೋದಾಮು ಕಟ್ಟುವ ಮಾತು ಬಂದಾಗ ಕಚೇರಿಯಿಂದ ಕಚೇರಿಗೆ ಅಲೆದವರು ಅವರು. ಎಷ್ಟೋ ವರ್ಷ ಅಲೆದಮೇಲೆ ಒಂದು ಬೆಳಗ್ಗೆ ಏರಿಯ ಆ ತುದಿಯಿಂದಲೇ ಕೂಗಿಕೊಂಡು ಓಡಿಬಂದರು. "ಆಯ್ತಮ್ಮಾ! ಆಗೋಯ್ತು! ಇನ್ಮೇಲೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ!"

ತೂಬಿನಕ್ಕನಿಗೂ ಖುಷಿಯಾಯಿತು. ಇಬ್ಬರೂ ಜಾಲರಿಯ ಪಕ್ಕ ನಿಂತು ಕೈ ಕೈ ಹಿಡಿದುಕೊಂಡು ನಕ್ಕರು. ಡಾಕ್ಟರಮ್ಮನ ಕಣ್ಣಲ್ಲಿ ನೀರು. ಆದರೆ ಗೊಂದಲ ಶುರುವಾದದ್ದು ಅಲ್ಲಿಂದಲೇ.

ಮೊದಲನೆಯದಾಗಿ ಬೋರ್ಡು. ಒಂದು ದಿನ ಬೆಳಗ್ಗೆ ಬಂದರೆ ಗೇಟಿನ ಪಕ್ಕ ದೊಡ್ಡದೊಂದು ಬೋರ್ಡು ನಿಂತಿದೆ. 'ಸಂರಕ್ಷಿತ ಪ್ರದೇಶ. ಪ್ರವೇಶ ನಿಷೇಧಿಸಲಾಗಿದೆ.' ಅಕ್ಕ ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಹೊರಗೇ ನಿಂತರು. ಸೂಪರ್‌ವೈಸರ್ ಬರುವ ತನಕ ನಿಂತೇ ಇದ್ದರು.

"ಅಕ್ಕಾ, ಅದು ನಿಮಗಲ್ಲ," ಎಂದರು ಸೂಪರ್‌ವೈಸರ್.

"ಹಾಗಂತ ಬರೆದಿಲ್ವಲ್ಲ ಸರ್."

ಸೂಪರ್‌ವೈಸರ್ ಬೋರ್ಡನ್ನು ಇನ್ನೊಮ್ಮೆ ಓದಿ ತಲೆ ಕೆರೆದುಕೊಂಡರು. ಅವರಿಗೆ ವಯಸ್ಸು ಚಿಕ್ಕದು, ತಲೆಬಿಸಿ ದೊಡ್ಡದು. ಬೋರ್ಡಿನ ಪ್ರಕಾರ ತಾವೂ ಒಳಗೆ ಹೋಗಬಾರದಲ್ಲ ಎಂದು ಅವರಿಗೂ ಅನುಮಾನ ಬಂತು. ಕೊನೆಗೆ ಇಬ್ಬರೂ ಅತ್ತಿತ್ತ ನೋಡಿ, ಕಳ್ಳರ ಹಾಗೆ ಒಳಗೆ ಹೋದರಂತೆ.

ಎರಡನೆಯದು ಡಾಕ್ಟರಮ್ಮನ ಮಾತು. ಈ ಹಕ್ಕಿಗಳು ಬೇರೆ ಎಲ್ಲ ಕೊಳ ಬಿಟ್ಟು ಇಲ್ಲಿಗೇ ಯಾಕೆ ಬರುತ್ತವೆ ಎಂದು ಅಕ್ಕ ಕೇಳಿದ್ದಕ್ಕೆ ಅವರು ನೇರವಾಗಿ ಹೇಳಿದರು. "ನನಗೂ ಪೂರ್ತಿ ಅರ್ಥ ಆಗಿಲ್ಲ. ನೀವು ಇಷ್ಟು ದಿನ ಏನು ಮಾಡ್ತಿದ್ರೋ ಅದನ್ನೇ ಮಾಡ್ತಿರಿ. ಏನೂ ಬದಲಾಯಿಸಬೇಡಿ."

ಅಷ್ಟೇ. ತೂಬಿನಕ್ಕನ ನೆಮ್ಮದಿ ಹಾರಿಹೋಯಿತು. ಅವರು ಏನು ಮಾಡುತ್ತಿದ್ದರು? ಕುಂಟೆ ಹಿಡಿದು ನಡೆಯುವಾಗ ಏನನ್ನೋ ಗುನುಗುತ್ತಿದ್ದರು, ಅದೋ? ನಾಯಿಗಳನ್ನು ಬಯ್ಯುತ್ತಿದ್ದರು, ಅದೋ? ಗಂಡ ಹೊಲಿದ ನೀಲಿ ಕೋಟೋ? ಸಮಾರಂಭಕ್ಕೆಂದು ಹೊಳೆಯುವ ಪಟ್ಟಿಯ ಹೊಸ ಜಾಕೆಟ್ಟು ಬಂದಿತ್ತು. ಅದನ್ನು ಹಾಕಿಕೊಂಡರೆ ಹಕ್ಕಿಗಳು ಓಡಿಹೋದಾವೆಂದು, ಜಾಕೆಟ್ಟಿನ ಮೇಲೆ ಹಳೆಯ ಕೋಟು ಹಾಕಿಕೊಂಡು ಸೆಖೆಯಲ್ಲಿ ಬೆವರು ಸುರಿಸಿದರು. ಯಾವ ಹಾಡು ಗುನುಗುತ್ತಿದ್ದೆ ಎಂದು ಗಂಡನನ್ನು ಕೇಳಿದರು.

"ನೀನು ಹಾಡ್ತಿದ್ದಿದ್ದು ಹಾಡು ಅಂತ ನನಗೆ ಇವತ್ತೇ ಗೊತ್ತಾಗಿದ್ದು," ಎಂದರು ಟೈಲರು, ಸೂಜಿಗೆ ದಾರ ಪೋಣಿಸುತ್ತಾ.

ಒಳಗಿನಿಂದ ಅತ್ತೆ ದನಿ ಸೇರಿಸಿದರು. "ಹಕ್ಕಿ ಮನೆ ಕಾಯೋಕೆ ಬಿರುದು ಬೇರೆ ಕೊಡ್ತಾರಂತೆ! ನಮ್ಮ ಮನೆ ಸೂರು ಸೋರೋದನ್ನ ಯಾವಾಗ ಕಾಯ್ತೀಯಮ್ಮಾ?"

ಮೂರನೆಯದು ಈ ಚಕ್ರ. ಹಳೆಯ ತೂಬು ಬದಲಾಯಿಸಿ ಎಂದು ಸೂಪರ್‌ವೈಸರ್ ಮೇಲಿನವರ ಬೆನ್ನು ಬಿದ್ದಿದ್ದರು. ಸಮಾರಂಭ ಹತ್ತಿರ ಬಂದದ್ದೇ ತಡ, ಇಷ್ಟು ದಿನ ಕದಲದ ಕೆಲಸ ರಾತ್ರಿ ಬೆಳಗಾಗುವುದರೊಳಗೆ ಮುಗಿಯಿತು. ಹೊಸ ಕಂಬಿ, ಹೊಸ ಬಾಗಿಲು, ಹೊಸ ಚಕ್ರ. ಸೂಪರ್‌ವೈಸರ್ ಅಕ್ಕನ ಕೈಯನ್ನೇ ಹಿಡಿದು ಚಕ್ರದ ಮೇಲಿಟ್ಟರು. "ತಿರುಗಿಸಿ ನೋಡಿ ಅಕ್ಕ. ಎಷ್ಟು ವರ್ಷ ಒದ್ದಾಡಿದ್ರಿ ನೀವು. ಇದು ನಿಮಗೇ ಅಂತ ಓಡಾಡಿ ತರಿಸಿದ್ದು."

ತಿರುಗಿಸಿದರು. ಬಾಗಿಲು ಸುಮ್ಮನೆ ಇಳಿದು ತಳಕ್ಕೆ ಕೂತಿತು. ಮೂರನೇ ತೂಬಿನ ಗುಳುಗುಳು ಮೊದಲ ಬಾರಿಗೆ ನಿಂತಿತು. ಸೊಂಟ ನೋವಿಲ್ಲ, ಜಗ್ಗಾಟ ಇಲ್ಲ. ಅಕ್ಕ ಆನಂದದಲ್ಲಿ ಇನ್ನೊಮ್ಮೆ ತೆರೆದು ಮುಚ್ಚಿ ನೋಡಿದರು. ಸಮಾರಂಭದ ದಿನ ಕೊಳ ತುಂಬಿ ಕನ್ನಡಿ ಹಾಗೆ ಕಾಣಬೇಕು, ಅಲ್ಲಿವರೆಗೆ ಸಂಜೆಯೂ ಬಿಡುವುದು ಬೇಡ, ಮುಚ್ಚೇ ಇಡಿ ಎಂದು ಸೂಪರ್‌ವೈಸರ್ ಹೇಳಿದರು. ಏನೂ ಬದಲಾಯಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ಅಕ್ಕನಿಗೆ ನೆನಪಿತ್ತು. ಆದರೆ ಕೆಟ್ಟಿದ್ದನ್ನು ಸರಿಮಾಡಿದರೆ ಅದು ಬದಲಾಯಿಸಿದ ಹಾಗೆ ಎಂದು ಯಾರಿಗೆ ಹೊಳೆಯುತ್ತದೆ? ಅವರು ತಲೆ ಕೆಡಿಸಿಕೊಂಡದ್ದು ಕೋಟು ಮತ್ತು ಹಾಡಿನ ಬಗ್ಗೆ.

ಆಮೇಲಿನ ದಿನಗಳಲ್ಲಿ ಹಕ್ಕಿಗಳಿಗೆ ಏನೋ ಆಯಿತು. ಕಾವು ಕೊಡುತ್ತಾ ಸುಮ್ಮನೆ ಕೂರಬೇಕಾದವು ಎದ್ದು ಓಡಾಡತೊಡಗಿದವು. ಕಡ್ಡಿ ತಂದವು, ಒಣಹುಲ್ಲು ತಂದವು, ಚಿಂದಿ, ಕವರಿನ ಚೂರು, ಸಿಕ್ಕಿದ್ದನ್ನೆಲ್ಲ ತಂದು ಗೂಡಿನ ಅಡಿಗೆ ತುರುಕಿದವು. ಒಂದು ಎದ್ದರೆ ಇನ್ನೊಂದು ಕೂರುವುದು, ಕೂತದ್ದು ಕೊಕ್ಕು ಚಾಚಿ ಮತ್ತೊಂದು ಕಡ್ಡಿ ಎಳೆಯುವುದು. ನಾಲ್ಕು ಕಡ್ಡಿಯ ಗೂಡುಗಳು ದಿನ ಕಳೆದಂತೆ ಗುಡ್ಡೆಗಳಾದವು.

ನೋಡಿದವರಿಗೆಲ್ಲ ಸಂಭ್ರಮ. ಶಾಮಿಯಾನದ ಕಂಬ ನೆಡುವವರು ಕೆಲಸ ಬಿಟ್ಟು ನೋಡಿದರು. ಡಾಕ್ಟರಮ್ಮ ಫೋಟೋ ತೆಗೆದು 'ಸಮಾರಂಭಕ್ಕೆ ಮನೆ ಸಿಂಗಾರ' ಎಂದು ಬರೆದು ಎಲ್ಲರಿಗೂ ಕಳಿಸಿದರು. "ಇಷ್ಟೊಂದು ಚೆಂದದ ಗೂಡು ಈ ವರ್ಷವೇ ಕಟ್ಟಿದ್ದು ನೋಡಿ!" ಎಂದರು. ಅಕ್ಕನೂ ಹೂಂ ಎಂದರು. ಆದರೆ ಕೆಲಸದ ನಡುವೆ ಮತ್ತೆ ಮತ್ತೆ ಹೋಗಿ ಆ ಗುಡ್ಡೆಗಳನ್ನೇ ನೋಡುತ್ತಿದ್ದರು. "ಅವು ಖುಷಿಯಲ್ಲಿ ಇರೋ ಥರ ಕಾಣ್ತಿರಲಿಲ್ಲ," ಎಂದು ಈಗ ಹೇಳುತ್ತಾರೆ. "ನಾನು ಹತ್ತಿರ ಹೋದ್ರೂ ಬಯ್ಯೋಕೆ ಪುರುಸೊತ್ತಿಲ್ಲ. ಬಯ್ಯದೇ ಇದ್ದಿದ್ದೇ ನನಗೆ ಭಯ ಆಗಿದ್ದು."

ಸಮಾರಂಭದ ದಿನ ಬೆಳಗಿನ ಜಾವ. ತೂಬಿನಕ್ಕ ಲೈಟು ಹಾಕದೆ ಎದ್ದು ಕತ್ತಲಲ್ಲೇ ಕೋಟು ಹುಡುಕುತ್ತಿದ್ದರು. ಅತ್ತೆಯ ಮಂಚದ ಪಕ್ಕ ಹಾದುಹೋಗುವಾಗ ಕಾಲಿನ ಹೆಬ್ಬೆರಳು ಫಟ್ ಎಂದು ಇಟ್ಟಿಗೆಗೆ ಬಡಿಯಿತು. ಪ್ರಾಣ ಹೋದ ಹಾಗಾಯಿತು. ಬೆರಳು ಹಿಡಿದುಕೊಂಡು ನೆಲದ ಮೇಲೆ ಕುಕ್ಕರಿಸಿದರು.

ಆ ಇಟ್ಟಿಗೆಗಳದ್ದು ಒಂದು ಕಥೆ. ಒಂದು ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡು ಬೀದಿಯ ನೀರೆಲ್ಲ ಮನೆಯೊಳಗೆ ನುಗ್ಗಿತ್ತು. ಗಂಡ ಹೆಂಡತಿ ಸೇರಿ ಅತ್ತೆ ಕೂತಿದ್ದ ಹಾಗೇ ಮಂಚದ ನಾಲ್ಕೂ ಕಾಲಿನಡಿ ಒಂದೊಂದು ಇಟ್ಟಿಗೆ ಇಟ್ಟರು. ನೀರು ಏರಿತು, ಇನ್ನೊಂದಿಟ್ಟರು. ಮತ್ತೆ ಏರಿತು, ಮತ್ತೊಂದು. ಅತ್ತೆ ಮಂಚದ ಮೇಲೆ ಹೊಲಿಗೆ ಮಿಷನ್ನಿನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು "ಎಡಗಡೆ ವಾಲ್ತಾ ಇದೆ, ಎಡಗಡೆ!" ಎಂದು ಅಪ್ಪಣೆ ಕೊಡುತ್ತಿದ್ದರು. ನೀರು ಇಳಿದರೂ ಇಟ್ಟಿಗೆ ತೆಗೆಯಲು ಅವರು ಬಿಡಲಿಲ್ಲ. ಮತ್ತೆ ಬಂದರೆ ಎಂಬ ಹೆದರಿಕೆ.

"ಏನೇ ಅದು ಸದ್ದು?" ಎಂದು ಗಂಡ ಎದ್ದು ಕೂತರು.

ತೂಬಿನಕ್ಕ ಬೆರಳನ್ನು ಬಿಟ್ಟು ಇಟ್ಟಿಗೆಯನ್ನು ಮುಟ್ಟಿ ನೋಡುತ್ತಿದ್ದರು. ಒಂದರ ಮೇಲೊಂದು, ಒಂದರ ಮೇಲೊಂದು.

"ರೀ," ಎಂದರು. "ಅವು ಸಿಂಗಾರ ಮಾಡ್ತಿಲ್ಲ ಕಣ್ರೀ. ಮಂಚ ಎತ್ತುತ್ತಾ ಇದಾವೆ."

ಊರಿನಿಂದ ತಗ್ಗಿನ ತನಕ ಅವರು ಕುಂಟುತ್ತಲೇ ಓಡಿದರು. ಮೂರನೇ ಕೊಳ ನಿಜಕ್ಕೂ ಕನ್ನಡಿಯಾಗಿತ್ತು. ಕೆಸರು ದಿಬ್ಬಗಳು ಎಲ್ಲೂ ಕಾಣಲಿಲ್ಲ. ನೀರಿನ ನಡುವೆ ಅಲ್ಲೊಂದು ಇಲ್ಲೊಂದು ಕಡ್ಡಿಗುಡ್ಡೆ, ಅದರ ಮೇಲೆ ನೆಟ್ಟಗೆ ನಿಂತ ಹಕ್ಕಿ. ಕೂರಲು ಧೈರ್ಯ ಇಲ್ಲ. ಹತ್ತಿರದ ಗೂಡಿನ ಅಂಚಿಗೆ ನೀರು ನೆಕ್ಕುತ್ತಿತ್ತು, ಒಂದು ಮೊಟ್ಟೆ ಆಗಲೇ ಒದ್ದೆ. ಆ ಹಕ್ಕಿ ಬಗ್ಗಿ, ಇನ್ನೆಲ್ಲೂ ಕಡ್ಡಿ ಸಿಗದೆ, ತನ್ನದೇ ಗೂಡಿನ ಒಂದು ಬದಿಯಿಂದ ಕಡ್ಡಿ ಎಳೆದು ಇನ್ನೊಂದು ಬದಿಗೆ ಇಡುತ್ತಿತ್ತು. ನೀರು ಏರಿಸಿದವರು ಬೇರೆ ಯಾರೂ ಅಲ್ಲ, ತೂಬಿನಕ್ಕನೇ. ಬೆಣ್ಣೆಯಂಥ ಚಕ್ರ ತಿರುಗಿಸಿ, ಆನಂದಪಟ್ಟು.

ಸೂಪರ್‌ವೈಸರ್ ಆಗಲೇ ಬಂದು ಕುರ್ಚಿ ಸಾಲು ಮಾಡಿಸುತ್ತಿದ್ದರು. ಅಕ್ಕ ಏದುಸಿರು ಬಿಡುತ್ತಾ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡರು.

"ಸರ್, ನೀರು ಬಿಡ್ಬೇಕು. ಈಗಲೇ ಬಿಡ್ಬೇಕು. ಗೂಡು ಮುಳುಗ್ತಿದಾವೆ."

"ಅಯ್ಯೋ ಅಕ್ಕಾ, ಇವತ್ತೇನಾ? ದೊಡ್ಡ ಸಾಹೇಬ್ರು ಬರ್ತಾರೆ, ನೀರು ಬಿಟ್ರೆ ಕೆಸರು ಎದ್ದು ಗಬ್ಬು ನಾರುತ್ತೆ. ಕಾರ್ಯಕ್ರಮ ಮುಗೀಲಿ, ಮಧ್ಯಾಹ್ನ ನೋಡೋಣ."

"ಮಧ್ಯಾಹ್ನದ ತನಕ ತಡೆಯಲ್ಲ ಸರ್."

"ಅವು ಹಕ್ಕಿಗಳಕ್ಕಾ, ಹಾರ್ತವೆ."

"ಮೊಟ್ಟೆ ಹಾರಲ್ವಲ್ಲ ಸರ್."

ಅಷ್ಟರಲ್ಲಿ ಯಾರೋ ಮೈಕಿನ ವೈರು ಎಲ್ಲಿ ಎಂದು ಕೂಗಿದರು, ಸೂಪರ್‌ವೈಸರ್ ಆ ಕಡೆ ಓಡಿದರು. ತೂಬಿನಕ್ಕ ಏರಿಗೆ ವಾಪಸು ಬಂದರು. ಮೇಲಿನವರ ಮಾತು ಮೀರಿದರೆ ಕೆಲಸಕ್ಕೆ ಕುತ್ತು. ಗುತ್ತಿಗೆಯ ಕೆಲಸ, ನಾಳೆ ಬರಬೇಡ ಎಂದರೆ ಮುಗಿಯಿತು. ಜೊತೆಗೆ ಆ ಚಕ್ರ ಸೂಪರ್‌ವೈಸರ್ ಅಷ್ಟು ಪ್ರೀತಿಯಿಂದ ತರಿಸಿಕೊಟ್ಟದ್ದು. ಪ್ರವೇಶ ನಿಷೇಧಿಸಲಾಗಿದೆ ಎಂದು ಬೋರ್ಡು ಬೇರೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು? ಏರಿಯ ಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನಡೆದರು. ಯಾವ ಹಕ್ಕಿಯೂ ಬಯ್ಯಲಿಲ್ಲ.

ಆಮೇಲೆ ಚಕ್ರ ಹಿಡಿದರು. ತೂಬು ಪೂರ್ತಿ ತೆರೆದರು.

"ಧೈರ್ಯ ಗೀರ್ಯ ಏನೂ ಇಲ್ಲ," ಎನ್ನುತ್ತಾರೆ ಈಗ. "ಸರಿ ಮಾಡ್ತಿದ್ದೀನೋ ತಪ್ಪು ಮಾಡ್ತಿದ್ದೀನೋ ಅದೂ ಗೊತ್ತಿರಲಿಲ್ಲ. ನಮ್ಮ ಮನೆಗೆ ನೀರು ಬಂದಾಗ ಯಾರಾದ್ರೂ ಹೀಗೊಂದು ತೂಬು ಬಿಟ್ಟಿದ್ರೆ ಅಂತ ಅನ್ನಿಸ್ತು, ಅಷ್ಟೇ."

ದೊಡ್ಡ ಸಾಹೇಬರ ಕಾರು ಬರುವ ಹೊತ್ತಿಗೆ ಕೊಳದ ನೀರು ಗೇಣುದ್ದ ಇಳಿದಿತ್ತು. ಅಂಚಿನ ಕೆಸರು ಬಿಸಿಲಿಗೆ ಮೈ ಬಿಟ್ಟು, ಏನು ವಾಸನೆ ಅಂತೀರಿ! ಶಾಮಿಯಾನದ ಅಡಿ ಕೂತ ಸಾಲು ಸಾಲು ಜನ ಕರ್ಚೀಫು ತೆಗೆದರು. ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡೇ ಟೇಪು ಕತ್ತರಿಸಿದರು. ಸೂಪರ್‌ವೈಸರ್ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅವರು ತೂಬಿನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು.

ಅಷ್ಟು ಹೊತ್ತಿಗೆ ಅಕ್ಕನಿಂದ ಎಲ್ಲ ತಿಳಿದುಕೊಂಡಿದ್ದ ಡಾಕ್ಟರಮ್ಮ ಸಾಹೇಬರನ್ನು ಏರಿಯ ಅಂಚಿಗೆ ಕರೆದೊಯ್ದು ದುರ್ಬೀನು ಕೊಟ್ಟರು. ಸಾಹೇಬರು ಒಂದೇ ಕೈಯಲ್ಲಿ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಎರಡೂ ಕೈ ಬೇಕಾಯಿತು. ಕರ್ಚೀಫು ಕೆಳಗೆ ಬಿತ್ತು. ನೀರಿಳಿದ ಗುಡ್ಡೆಯ ಮೇಲೆ ಒಂದು ಹಕ್ಕಿ ಆ ಉದ್ದನೆಯ ಕಾಲುಗಳನ್ನು ಒಂದೊಂದಾಗಿ ಮಡಚಿ, ಎದೆಯ ಗರಿ ಬಿಚ್ಚಿ, ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತುಕೊಳ್ಳುತ್ತಿತ್ತು. ಸಾಹೇಬರು ನೋಡುತ್ತಲೇ ಇದ್ದರು. ಮೈಕಿನವನು ಎರಡು ಸಲ ಕರೆದರೂ ಕದಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಸಾಲು ನಿಂತರು, ದುರ್ಬೀನು ಕೈಯಿಂದ ಕೈಗೆ ಹೋಯಿತು. ಭಾಷಣ ಕೇಳಲು ಯಾರೂ ಉಳಿಯಲಿಲ್ಲ. ಆ ಊರಿನಲ್ಲಿ ಅಷ್ಟು ಚೆಂದದ ಸಮಾರಂಭ ಇನ್ನೊಂದು ಆಗಿಲ್ಲ ಎಂದು ಟೈಲರು ಇವತ್ತಿಗೂ ಗಿರಾಕಿಗಳಿಗೆ ಹೇಳುತ್ತಾರೆ.

ಅದೇ ಗಲಾಟೆಯ ನಡುವೆ ತೂಬಿನಕ್ಕನನ್ನು ಕೆಸರು ಗಂಬೂಟಿನಲ್ಲೇ ವೇದಿಕೆಗೆ ಎಳೆದೊಯ್ದು ಕೈಗೆ ಫಲಕ ಕೊಟ್ಟರು. ಚಪ್ಪಾಳೆ ಬಿತ್ತು. ಅವರ ಕಣ್ಣು ಮಾತ್ರ ಕೊಳದ ಆಚೆ ಮೂಲೆಯ ಮೇಲಿತ್ತು.

ಆ ಮೂಲೆಯಲ್ಲಿ ಒಂದು ಗೂಡು ಉಳಿಯಲಿಲ್ಲ. ಜನ ಎಲ್ಲ ಹೋದಮೇಲೆ ಅಕ್ಕ ಮತ್ತು ಡಾಕ್ಟರಮ್ಮ ಹೋಗಿ ನೋಡಿದರು. ನಾಲ್ಕು ಮೊಟ್ಟೆಗಳೂ ತಣ್ಣಗಾಗಿ ಕೆಸರಿನಲ್ಲಿ ಕೂತಿದ್ದವು. ಅಕ್ಕ ಬಿಕ್ಕಿ ಬಿಕ್ಕಿ ಅತ್ತರು. ಮನೆ ಸಿಂಗಾರ ಎಂದು ಬರೆದು ಕಳಿಸಿದವಳು ನಾನಲ್ಲವೇ ಎಂದು ಡಾಕ್ಟರಮ್ಮನೂ ಪಕ್ಕದಲ್ಲೇ ಕೂತು ಅತ್ತರು. ಸೂಪರ್‌ವೈಸರ್ ಬಂದು ಚಕ್ರದ ಹತ್ತಿರ ನಿಂತರು. ಕೋಪ ಇಳಿದಿತ್ತು, ಮುಖ ಸಪ್ಪೆಯಾಗಿತ್ತು.

"ಎಷ್ಟು ಓಡಾಡಿ ತರಿಸಿದ್ದೆ ಅಕ್ಕಾ ಇದನ್ನ," ಎಂದರು. "ಹಳೇದನ್ನೇ ಹಾಕಿಸಿಬಿಡ್ಲಾ?"

"ಬೇಡ ಸರ್, ನನ್ನ ಸೊಂಟ ಉಳೀಲಿ," ಎಂದರು ಅಕ್ಕ, ಕಣ್ಣೊರೆಸಿಕೊಂಡು. "ಚಕ್ರ ಚೆನ್ನಾಗೇ ಇದೆ. ಎಲ್ಲಿ ನಿಲ್ಲಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ."

ಮರುದಿನ ಟೈಲರು ಒಂದು ಕೆಂಪು ಬಟ್ಟೆಯ ಚೂರು ಕೊಟ್ಟರು, ಅಂಚು ಬಿಚ್ಚಿಕೊಳ್ಳದಂತೆ ನಾಲ್ಕೂ ಕಡೆ ಹೊಲಿದು. ಬಟ್ಟೆ ಎಲ್ಲಿಗೆ ಕಟ್ಟಬೇಕು ಎಂಬುದೇ ದೊಡ್ಡ ಪಂಚಾಯಿತಿಯಾಯಿತು. ಹಳೆಯ ತೂಬು ಎಲ್ಲಿ ಕಚ್ಚಿಕೊಳ್ಳುತ್ತಿತ್ತು ಎಂದು ಅಕ್ಕನಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ತಿರುಗಿಸಿದರೆ ಒಂದು ಸಲ ಒಂದು ಕಡೆ ಕೈ ನಿಂತಿತು, ಇನ್ನೊಂದು ಸಲ ಇನ್ನೊಂದು ಕಡೆ. ಸೂಪರ್‌ವೈಸರ್ ಬೆರಳು ಇಟ್ಟು ನೋಡಿದರು, ಡಾಕ್ಟರಮ್ಮ ದುರ್ಬೀನಿನಲ್ಲಿ ಕೆಸರು ನೋಡಿದರು. ಮೇಲೆ, ಕೆಳಗೆ, ಇನ್ನೊಂಚೂರು ಮೇಲೆ ಎಂದು ದಿನಗಟ್ಟಲೆ ಜಗಳವಾಡಿ, ಕೊನೆಗೆ ಹಕ್ಕಿಗಳು ಮತ್ತೆ ಅಕ್ಕನನ್ನು ಬಯ್ಯಲು ಶುರುಮಾಡಿದ ದಿನ ಗಂಟು ಬಿಗಿದರು.

ಫಲಕ ಈಗ ಮನೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ನಿಂತಿದೆ. ಅದಕ್ಕೆ ಒರಗಿಕೊಂಡು ದಾರದ ಉಂಡೆಗಳು. ಹೊಸ ಕಣ್ಣಿನ ಅತ್ತೆ ದಿನಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದಿ, "ನನ್ನ ಇಟ್ಟಿಗೆಗೂ ಒಂದು ಕೊಡಬೇಕಿತ್ತು," ಎನ್ನುತ್ತಾರೆ. ತೂಬಿನಕ್ಕ ಅದರ ಕಡೆ ಜಾಸ್ತಿ ನೋಡುವುದಿಲ್ಲ. "ಅದನ್ನ ನೋಡಿದ್ರೆ ನನಗೆ ಆ ಮೂಲೆ ಗೂಡೇ ಕಣ್ಣಿಗೆ ಬರುತ್ತೆ. ರಕ್ಷಕಿ ಅಂತೆ. ಮುಳುಗಿಸಿದ್ದೂ ನಾನೇ ಅಲ್ವಾ? ಇಷ್ಟು ವರ್ಷ ಏನೂ ಮಾಡದೆ ಇದ್ದಾಗ ಚೆನ್ನಾಗಿದ್ವು. ಸರಿಯಾಗಿ ಮಾಡೋಕೆ ಹೋದೆ, ಹೀಗಾಯ್ತು. ಹಾಗಾದ್ರೆ ಸರಿ ಯಾವುದು? ನೀವೇ ಹೇಳಿ."

ಏರಿಯ ಕೆಳಗೆ ಕೆಸರಿನಲ್ಲಿ, ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದಂತಿರುವ ಮರಿಗಳು ಓಡುತ್ತಿವೆ. ಒಂದು ಮರಿ ಓಡುವ ಭರದಲ್ಲಿ ತನ್ನ ಕಾಲಿಗೆ ತಾನೇ ತೊಡರಿ ಮುಗ್ಗರಿಸುತ್ತದೆ, ಏಳುತ್ತದೆ, ಏನೂ ಆಗದವರ ಹಾಗೆ ಮತ್ತೆ ಓಡುತ್ತದೆ. ತೂಬಿನಕ್ಕ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅದರ ಅಮ್ಮ ಮೇಲೆದ್ದು ಅವರ ನೆತ್ತಿಯ ಮೇಲೇ ಸುತ್ತುತ್ತಾ ಕಿಕ್ ಕಿಕ್ ಕಿಕ್ ಎಂದು ಬಯ್ಯುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ ಅವರಿಗೆ ಮನೆಯ ಸೂರು ನೆನಪಾಗುತ್ತದೆ, ಅದನ್ನು ಹೇಳುವುದಿಲ್ಲ. ಚಕ್ರದ ಹತ್ತಿರ ಹೋಗಿ ಕೆಂಪು ಬಟ್ಟೆಯ ಗಂಟನ್ನು ಎಳೆದು ನೋಡುತ್ತಾರೆ. ಬಿಗಿಯಾಗಿಯೇ ಇದೆ. ಆದರೂ ಇನ್ನೊಂದು ಸುತ್ತು ಬಿಗಿಯುತ್ತಾರೆ.

"ಇದನ್ನ ಯಾರೂ ಬಿಚ್ಚದೇ ಇದ್ರೆ ಸಾಕಪ್ಪಾ," ಎನ್ನುತ್ತಾರೆ. "ಇಷ್ಟು ವರ್ಷ ಅವನ್ನ ಕೆಟ್ಟ ತೂಬು ನೋಡ್ಕೊಂಡಿತ್ತು. ಈಗ ಅದು ರಿಪೇರಿ ಆಗಿದೆಯಲ್ಲ. ಇನ್ನು ನಾನೇ ನೋಡ್ಕೋಬೇಕು."